ನೆಲದೊಳಗಿನ ಚೈತ್ಯಕ್ಕೆ ಬೀಗರನ್ನು ಕರೆದೊಯ್ದದ್ದು

ನಾನು ಎಲ್ಲಿಗೆ ಹೊರಟರೂ ಸಿದ್ಧಳಾಗಿಯೇ ಹೊರಡುತ್ತೇನೆ. ನಾನು ಹೋಗುವ ಜಾಗ ಮಾತ್ರ ಸಿದ್ಧವಾಗಿರುವುದಿಲ್ಲ. ಕಾನ್ವೆಂಟಿನಲ್ಲಿ ಓದುತ್ತಿದ್ದ ಕಾಲದಿಂದಲೂ ಹೀಗೇ ಆಗುತ್ತಾ ಬಂದಿದೆ. ತಪ್ಪು ನನ್ನದಲ್ಲವೆಂದು ನನಗೆ ಸ್ಪಷ್ಟವಾಗಿ ಗೊತ್ತಿದ್ದರೂ ನಗುವವರು ನನ್ನ ಮುಖ ನೋಡಿಯೇ ನಗುತ್ತಾರೆ. ಕಳೆದ ಚಳಿಗಾಲದ ಒಂದು ಭಾನುವಾರ ನಡೆದದ್ದನ್ನು, ನಮ್ಮ ಯಜಮಾನರು ಬಣ್ಣ ಹಚ್ಚಿ ಊರಿಗೆಲ್ಲ ಹೇಳುವ ಮುಂಚೆ, ನಾನೇ ಇದ್ದದ್ದು ಇದ್ದಂತೆ ಬರೆದುಬಿಡುತ್ತೇನೆ.

೧. ಬಾಯಿಂದ ಬಂದ ಮಾತು

ಮಗಳ ನಿಶ್ಚಿತಾರ್ಥ ಮುಗಿದಿತ್ತು. ಗಂಡಿನವರು ಮೈಸೂರಿನವರು. ಮದುವೆ ಯಾವ ಊರಲ್ಲಿ ಎನ್ನುವುದೊಂದು ತೀರ್ಮಾನವಾಗಿರಲಿಲ್ಲ. ಹೆಣ್ಣಿನ ಕಡೆಯವರು ತಮ್ಮೂರಲ್ಲೇ ಧಾರೆ ಎರೆದು ಕೊಡುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ನಾನು ದೊಡ್ಡಬಳ್ಳಾಪುರದ ಛತ್ರಗಳನ್ನೆಲ್ಲ ಸುತ್ತಿ, ಪಾತ್ರೆ ತೊಳೆಯುವ ಜಾಗದವರೆಗೂ ಇಣುಕಿ, ಒಂದನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದೆ.

ಶನಿವಾರ ಬೀಗಿತ್ತಿ ತಮ್ಮ ಯಜಮಾನರೊಂದಿಗೆ ನಮ್ಮ ಮನೆಗೆ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಮೈಸೂರಲ್ಲೇ ಇಟ್ಕೊಳ್ಳೋಣ ಬೀಗ್ರೆ. ಬಂದ ನೆಂಟರು ಎರಡು ದಿನ ಇದ್ದು ಅದೂ ಇದೂ ನೋಡ್ಕೊಂಡು ಹೋಗ್ತಾರೆ. ನಿಮ್ಮ ಕಡೆ ಏನಿದೆ ಪಾಪ, ಏರ್‌ಪೋರ್ಟು ಬಿಟ್ರೆ?" ಅಂದರು.

ಆ 'ಪಾಪ' ಎನ್ನುವುದನ್ನು ನನಗೆ ಸಹಿಸಲಾಗಲಿಲ್ಲ.

"ರಾಜಘಟ್ಟದಲ್ಲಿ ಬೌದ್ಧರ ಚೈತ್ಯ ಇದೆ. ಸಾವಿರ ವರ್ಷಕ್ಕೂ ಹಿಂದಿನದು. ನಿಮ್ಮ ಮೈಸೂರಿಗೆ ಇನ್ನೂ ನಾಮಕರಣ ಆಗಿರಲಿಲ್ಲ ಆಗ" ಅಂದೆ.

"ಹೌದಾ! ಹಾಗಾದ್ರೆ ನಾಳೆ ತೋರ್ಸಿ. ನೆಂಟರಿಗೆ ತೋರಿಸೋ ಹಾಗಿದ್ರೆ ಮದುವೆ ಇಲ್ಲೇ ಆಗ್ಲಿ" ಅಂದುಬಿಟ್ಟರು.

ನಮ್ಮ ಯಜಮಾನರು ನನ್ನ ಹಿಂದೆಯೇ ಅಡುಗೆಮನೆಗೆ ಬಂದರು.

"ನೀನು ಅದನ್ನ ನೋಡಿದ್ದೀಯಾ?"

"ಇಲ್ಲ. ಪೇಪರಿನಲ್ಲಿ ಓದಿದ್ದೇನೆ."

"ಹನುಮಂತನ ದರ್ಶನಕ್ಕೆ ವರ್ಷಾ ವರ್ಷಾ ರಾಜಘಟ್ಟಕ್ಕೆ ಹೋಗ್ತೀವಲ್ಲೇ. ಅಲ್ಲಿ ಬುದ್ಧ ಎಲ್ಲಿದ್ದಾನೆ?"

"ನಾವು ಹನುಮಂತನನ್ನು ಕೇಳಿಕೊಂಡು ಹೋದೆವು, ಹನುಮಂತ ಸಿಕ್ಕಿದ. ನಾಳೆ ಬುದ್ಧನನ್ನು ಕೇಳಿಕೊಂಡು ಹೋಗೋಣ" ಅಂದೆ.

೨. ಯಾರ ಮಗ?

ಎಂಟು ಗಂಟೆಗೆ ಹೊರಡುವುದೆಂದು ರಾತ್ರಿಯೇ ಹೇಳಿದ್ದೆ. ಎಂಟು ಗಂಟೆಗೆ ಹೊರಟೆವು. ಪುಳಿಯೋಗರೆ, ಮೊಸರನ್ನ, ಐದು ಬಾಟಲಿ ನೀರು, ಕೂರಲು ಜಮಖಾನ, ಎಲ್ಲ ಡಿಕ್ಕಿಯಲ್ಲಿತ್ತು. ಬೀಗಿತ್ತಿ ದೇವಸ್ಥಾನವೆಂದು ರೇಷ್ಮೆ ಸೀರೆ ಉಟ್ಟಿದ್ದರು. ಅವರಿಗಿಂತ ಕಡಿಮೆಯಾಗಬಾರದೆಂದು ನಾನೂ ಉಟ್ಟಿದ್ದೆ.

ರಾಜಘಟ್ಟದಲ್ಲಿ, ಊರ ಮುಂದೆ ಟೀ ಅಂಗಡಿಯ ಹತ್ತಿರ ಕಾರು ನಿಲ್ಲಿಸಿ, ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಬುದ್ಧನ ಜಾಗ ಎಲ್ಲಿದೆ?"

ಅವರು ಟೀ ಮುಗಿಸಿ, ಲೋಟ ಇಟ್ಟು, "ಬುದ್ಧ ಅಂದ್ರೆ, ಯಾರ ಮಗ?" ಅಂದರು.

ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಬೇಕೆಂದು ನಮ್ಮ ಸಿಸ್ಟರ್‌ಗಳು ಕಲಿಸಿದ್ದಾರೆ. "ಶುದ್ಧೋದನನ ಮಗ" ಅಂದೆ.

ಹಿರಿಯರು ಬಹಳ ಹೊತ್ತು ಯೋಚಿಸಿದರು. ಪಕ್ಕದವನನ್ನೂ ಕೇಳಿದರು. ಆಮೇಲೆ, "ಆ ಎಸರ್ನೋರು ನಮ್ಮೂರಲ್ಲಿ ಯಾರೂ ಇಲ್ಲ ಕಣಮ್ಮ. ಜಮೀನು ಮಾರ್ಕೊಂಡು ಓಗಿರ್ಬೇಕು. ಬೂದಿಗೆರೆ ಕಡೆ ವಿಚಾರ್ಸಿ ನೋಡಿ" ಅಂದರು.

ಹಿಂದಿನ ಸೀಟಿನಲ್ಲಿ ಬೀಗರು ಕೆಮ್ಮಿದರು. ಅದು ಕೆಮ್ಮಲ್ಲವೆಂದು ನನಗೆ ಗೊತ್ತಾಯಿತು.

ಅಷ್ಟರಲ್ಲಿ ಟೀ ಅಂಗಡಿಯವನು, "ಮೇಡಂ, ಯುನಿವರ್ಸಿಟಿಯವ್ರು ಬಂದು ಅಗೆದ್ರಲ್ಲ, ಅದಾ? ಬೂದಿ ಗುಂಡಿ ಅನ್ನಿ ಮತ್ತೆ! ಇಲ್ಲೇ, ಹೊಲದ ದಾರಿ" ಎಂದು ಕೈ ತೋರಿಸಿದ.

ಬೀಗಿತ್ತಿ ತಮ್ಮ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ, "ರೀ, ನಾವು ಮೈಸೂರಿಂದ ಬೂದಿ ಗುಂಡಿ ನೋಡೋಕೆ ಬಂದ್ವಾ?" ಎಂದು ತಮ್ಮ ಯಜಮಾನರನ್ನು ಕೇಳಿದರು. ಪಿಸುಮಾತೇ. ಆದರೆ ಕಾರು ಸಣ್ಣದು.

೩. ಜೋಪಾನ

ಅಲ್ಲಿ ಏನೂ ಇರಲಿಲ್ಲ.

ರಾಗಿ ಕೊಯ್ದಾದ ಒಂದು ಹೊಲ. ಉದ್ದಕ್ಕೂ ಗೇಣುದ್ದದ ಒಣ ಕೂಳೆ. ಬದುವಿನ ಪಕ್ಕ ಅವರೆ ಗಿಡ. ಗಿಡಗಳ ನಡುವೆ ಒಬ್ಬ ಅಜ್ಜಿ ಕುಕ್ಕರುಗಾಲಲ್ಲಿ ಕೂತು ಅವರೆಕಾಯಿ ಕೀಳುತ್ತಿದ್ದರು. ಕಂಬವಿಲ್ಲ, ಕಲ್ಲಿಲ್ಲ, ಒಂದು ಬೋರ್ಡು ಕೂಡ ಇಲ್ಲ. ಬೀಗಿತ್ತಿ ಆ ಕಡೆ ನೋಡಿದರು, ಈ ಕಡೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನನ್ನ ಮಗಳ ಮದುವೆ ಮೈಸೂರಿನ ಕಡೆಗೆ ಹೊರಟಿದ್ದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

"ಅಜ್ಜಿ, ಇಲ್ಲಿ ಹಳೇ ಕಾಲದ ಬೌದ್ಧರ ಕಟ್ಟಡ ಸಿಕ್ಕಿತ್ತಂತಲ್ಲ, ಎಲ್ಲಿ?" ಎಂದು ಕೇಳಿದೆ.

"ಅದ್ರ ಮ್ಯಾಲೇ ನಿಂತಿದೀಯ ತಾಯಿ" ಅಂದರು ಅಜ್ಜಿ.

ನಾಲ್ವರೂ ಕಾಲ ಕೆಳಗೆ ನೋಡಿಕೊಂಡೆವು.

"ಅಗೆದ್ರು, ಫೋಟೋ ಇಡ್ಕಂಡ್ರು, ತಿರುಗಾ ಮುಚ್ಚಿದ್ರು. ಅಳೇ ಇಟ್ಟಿಗೆ ನೋಡು, ಮಳೆ ಬಿದ್ರೆ ಕರಗೋಯ್ತದೆ ಅಂತ. ನಾನೂ ಕೂಲಿಗೆ ಓಗ್ತಿದ್ದೆ. ಗುದ್ಲಿ ಮುಟ್ಟಂಗಿಲ್ಲ ಅಂದ್ರು. ಗ್ವಾಡೆಗೆ ಬಣ್ಣ ಒಡಿಯೋ ಬ್ರಷ್ ಕೈಗೆ ಕೊಟ್ಟು, ಮಣ್ಣು ಗುಡ್ಸು ಅಂದ್ರು. ದಿನಾ ಮಣ್ಣಲ್ಲಿ ಮಣ್ಣು ಗುಡ್ಸಿದ್ದು ನಾನು! ನಮ್ಮನೆ ಅಂಗಳ ಅಷ್ಟು ಗುಡ್ಸಿದ್ರೆ ನಮ್ಮತ್ತೆ ನನ್ನ ಒಂದ್ ದಿನಾನಾದ್ರೂ ವೊಗಳ್ತಿದ್ಲು."

"ಸಂರಕ್ಷಣೆಯ ಸಲುವಾಗಿ ಮುಚ್ಚಿದ್ದಾರೆ" ಎಂದು ನಾನು ಬೀಗಿತ್ತಿಗೆ ವಿವರಿಸಿದೆ. "ಅದು ಸರಿಯಾದ ಕ್ರಮ."

"ಬಹಳ ಜೋಪಾನವಾಗಿ ಇಟ್ಟಿದ್ದಾರೆ ಬೀಗ್ರೆ" ಅಂದರು ಬೀಗಿತ್ತಿ. "ನೋಡಿದವರ ದೃಷ್ಟಿ ಕೂಡ ತಾಗಲ್ಲ."

೪. ಗೋಡೆ

ಅಜ್ಜಿ ಮಡಿಲಿನ ಅವರೆಕಾಯಿಯನ್ನು ಒಂದು ಕಡೆ ಸುರಿದು ಎದ್ದರು. "ಅಷ್ಟ್ ದೂರದಿಂದ ಬಂದಿದೀರ. ಬನ್ನಿ, ಒಳಿಕ್ಕೆ ಕರ್ಕೊಂಡೋಗ್ತೀನಿ" ಅಂದರು.

"ಯಾವುದರ ಒಳಗೆ?" ಎಂದು ಬೀಗಿತ್ತಿ ಕೇಳಿದರು. ಅಜ್ಜಿ ಹತ್ತು ಹೆಜ್ಜೆ ನಡೆದು, ಬಯಲಲ್ಲಿ ನಿಂತು, "ಇದು ಬಾಗ್ಲು. ಎಕ್ಡ ಇಲ್ಲೇ ಬುಡಿ" ಅಂದರು.

ನಾನು ಬಿಟ್ಟೆ. ಯಜಮಾನರು ಬಿಟ್ಟರು, ಬೀಗರೂ ಬಿಟ್ಟರು. ಮೂರು ಜೊತೆಯನ್ನೂ ನಾನು ಸಾಲಾಗಿ ಜೋಡಿಸಿದೆ. ಬೀಗಿತ್ತಿ ಮಾತ್ರ, "ಕೂಳೆ ಚುಚ್ಚುತ್ತೆ ಕಣಜ್ಜಿ. ಇಲ್ಲಿ ಯಾವ ಬಾಗಿಲೂ ಇಲ್ಲ, ಏನೂ ಇಲ್ಲ" ಎಂದು ಚಪ್ಪಲಿ ಹಾಕಿಕೊಂಡೇ ಪಕ್ಕದಿಂದ ನಡೆದು ಬಂದರು.

ಅಜ್ಜಿ ಎರಡೂ ಕೈ ಮೇಲೆತ್ತಿ ಕೂಗಿಕೊಂಡರು. "ಅಯ್ಯಯ್ಯೋ! ನಿಂತ್ಕೋ ತಾಯಿ, ನಿಂತ್ಕೋ! ಗ್ವಾಡೆ ಮ್ಯಾಲೆ ಅತ್ಬುಟ್ಟಲ್ಲ! ಒಂದೊಂದ್ ಇಟ್ಟಿಗೇನೂ ಕೈಯಲ್ಲಿ ಒರ್ಸಿ ಒರ್ಸಿ ಮಡ್ಗಿದೀನಿ ನಾನು!"

ಆ ಕೂಗು ಎಷ್ಟು ನಿಜವಾಗಿತ್ತೆಂದರೆ ಬೀಗಿತ್ತಿ ಇದ್ದಲ್ಲೇ ಕಲ್ಲಾದರು. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಗಾಳಿಯಲ್ಲಿ. ಎರಡು ಕೈಯಲ್ಲೂ ಸೀರೆ ಎತ್ತಿ ಹಿಡಿದಿದ್ದರು. ಮೈಸೂರಿನ ಮಹಿಳಾ ಸಮಾಜಗಳಲ್ಲಿ ವೇದಿಕೆ ಹತ್ತಿ ಮಾತಾಡುವ ಹೆಂಗಸು, ಸಮತಟ್ಟಾದ ಹೊಲದ ನಡುವೆ ಜೋಲಿ ಹೊಡೆಯುತ್ತಾ ಕೇಳಿದರು:

"ಅಜ್ಜಿ, ಯಾವ ಕಡೆ ಇಳೀಲಿ?"

೫. ಊಟದ ಜಾಗ

ಅಲ್ಲಿಂದ ಮುಂದೆ ಬೀಗಿತ್ತಿ ಬರಿಗಾಲು. ಅವರ ಚಪ್ಪಲಿಯನ್ನೂ ನಾನು ಸಾಲಿಗೆ ಸೇರಿಸಿದೆ.

ಅಜ್ಜಿ ಒಂದೊಂದನ್ನೇ ಹೆಜ್ಜೆ ಹಾಕಿ ತೋರಿಸಿದರು. ಇಲ್ಲಿ ಅಂಗಳ. ಅದರ ಸುತ್ತ ಸನ್ಯಾಸಿಗಳ ಕೋಣೆ. ಆ ಕಡೆ ದೇವರ ಮನೆ, ಮುಂದೆ ಚೌಕ, ಹಿಂದೆ ಗುಂಡಗೆ, ಲಾಳದ ಹಾಗೆ. ಮುಷ್ಟಿಯಷ್ಟು ಗಾತ್ರದ ಮಣ್ಣಿನ ಗೋಪುರಗಳು ರಾಶಿ ಸಿಕ್ಕಿದವಂತೆ. ಹರಕೆ ಹೊತ್ತವರು ಇಟ್ಟು ಹೋದವು. ಅಜ್ಜಿ ಒಂದನ್ನು ಅಂಗೈಯಲ್ಲಿ ಹಿಡಿದಿದ್ದರಂತೆ. "ಇಟ್ಟೋರ ಬೆಟ್ಟಿನ ಗುರುತು ಅಂಗೇ ಇತ್ತು ಕಣಮ್ಮ. ಈಗ ತಾನೆ ಇಟ್ಟು ಕೈ ತೊಳ್ಯಾಕೆ ಓದಂಗೆ" ಅಂದರು. ಬೀಗಿತ್ತಿ ಅಜ್ಜಿಯ ಅಂಗೈಯನ್ನೇ ನೋಡುತ್ತಾ ನಿಂತುಬಿಟ್ಟರು.

ಗಂಡಸರಿಗೆ ಹಸಿವಾಗಿತ್ತು. ಯಜಮಾನರು ಜಮಖಾನ ಹಾಸಿದರು. ಬೀಗರು ಕೂತು ಡಬ್ಬಿಯ ಮುಚ್ಚಳ ತೆಗೆದು ಮೊದಲ ತುತ್ತು ಬಾಯಿಗಿಟ್ಟರು.

"ಸ್ವಾಮಿ, ಅಲ್ಲಿ ಉಣ್ಬ್ಯಾಡಿ" ಅಂದರು ಅಜ್ಜಿ. "ಸನ್ಯಾಸಿಗಳು ಮಲ್ಗೋ ರೂಮು ಅದು."

ಬೀಗರು ಬಾಯಲ್ಲಿ ತುತ್ತಿಟ್ಟುಕೊಂಡೇ, "ಮತ್ತೆ ಎಲ್ಲಿ?" ಎಂದು ಸನ್ನೆ ಮಾಡಿದರು. ಅಜ್ಜಿ ಮೂರು ಮಾರು ಆಚೆ ಅಂಗಳ ತೋರಿಸಿದರು. ಅವರು ಡಬ್ಬಿ ಎತ್ತಿಕೊಂಡು ನೇರವಾಗಿ ಅಲ್ಲಿಗೆ ಹೊರಟಿದ್ದೇ ತಡ, ಈ ಸಲ ಕೂಗಿದ್ದು ಅಜ್ಜಿಯಲ್ಲ, ಅವರ ಹೆಂಡತಿ.

"ರೀ! ಗೋಡೆ ತೂರಿಕೊಂಡು ಎಲ್ಲಿ ಹೋಗ್ತೀರಿ? ಬಾಗಿಲಿಂದ ಬನ್ನಿ!"

ಪಾಪ, ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವರು. ಹಿಂದಕ್ಕೆ ಬಂದು, ಬಾಗಿಲಿನಲ್ಲಿ ತಲೆ ಕೂಡ ಬಗ್ಗಿಸಿ ಆಚೆ ಹೋದರು.

೬. ಮಂಗಳಾರತಿ

ಗಂಡಸರು ಅಂಗಳದಲ್ಲಿ ಮೊಸರನ್ನಕ್ಕೆ ಕೈ ಹಾಕಿದ್ದರು. ಬದುವಿನ ಆಚೆ ಬಿಳಿ ಕಾರೊಂದು ನಿಂತಿತು. ಪಕ್ಕದ ಜಮೀನು ತೋರಿಸಲು ಬಂದ ಬ್ರೋಕರ್, ಅವನ ಹಿಂದೆ ಬೆಂಗಳೂರಿನ ಒಬ್ಬ ಗಿರಾಕಿ. ಬ್ರೋಕರ್ ಕೈ ಬೀಸಿ ಏನೋ ತೋರಿಸುತ್ತಾ, ಶೂ ಹಾಕಿಕೊಂಡು, ನಮ್ಮ ಹೊಲಕ್ಕೆ ಅಡ್ಡಲಾಗಿ ನಡೆದು ಬಂದ.

"ಶೂ! ಶೂ!" ಎಂದು ನಾವು ಒಟ್ಟಿಗೆ ಕೂಗಿದೆವು. ಬೀಗಿತ್ತಿಯ ದನಿ ಎಲ್ಲರಿಗಿಂತ ಮೇಲಿತ್ತು.

ಬ್ರೋಕರ್ ನಿಂತ. ಅವನಿಗೆ ಕಂಡದ್ದು ಇಷ್ಟು: ಖಾಲಿ ಹೊಲದಲ್ಲಿ ರೇಷ್ಮೆ ಸೀರೆ ಉಟ್ಟು ಬರಿಗಾಲಲ್ಲಿ ನಿಂತ ಇಬ್ಬರು ಹೆಂಗಸರು, ಬಿಸಿಲಲ್ಲಿ ಕೂತು ಮೊಸರನ್ನ ಉಣ್ಣುತ್ತಿರುವ ಇಬ್ಬರು ಗಂಡಸರು, ದೂರದಲ್ಲಿ ಸಾಲಾಗಿ ಇಟ್ಟ ನಾಲ್ಕು ಜೊತೆ ಚಪ್ಪಲಿ.

"ಯಾಕ್ ಮೇಡಂ, ಏನಾಯ್ತು?"

"ದೇವಸ್ಥಾನದೊಳಗೆ ಯಾರಾದ್ರೂ ಶೂ ಹಾಕ್ಕೊಂಡು ಬರ್ತಾರೇನ್ರೀ?" ಅಂದರು ಬೀಗಿತ್ತಿ.

"ಯಾವ ದೇವಸ್ಥಾನ ಮೇಡಂ?"

"ಕಣ್ಣು ಕಾಣಲ್ವಾ ನಿಮಗೆ? ನಮ್ಮ ಬೀಗರ ಊರಿನ ದೇವಸ್ಥಾನ ಇದು. ಗೋಡೆ ಮೇಲೆ ನಿಂತ್ಕೊಂಡು ಯಾವ ದೇವಸ್ಥಾನ ಅಂತ ಕೇಳ್ತೀರಲ್ಲ, ಮೊದ್ಲು ಇಳೀರಿ ಕೆಳಗೆ!"

ಬ್ರೋಕರ್ ಗಿರಾಕಿಯ ಕಿವಿಯ ಹತ್ತಿರ ಬಾಗಿ, "ಸಾರ್, ಈ ಕಡೆ ಏನೋ ತಕರಾರು ಇರೋ ಹಂಗಿದೆ, ನಡೀರಿ" ಅಂದ. ಆದರೆ ಗಿರಾಕಿ ಭಕ್ತರು. ಅವರು ಆಗಲೇ ಶೂ ಬಿಚ್ಚಿ, ಕಾಲುಚೀಲವನ್ನೂ ಬಿಚ್ಚಿ, ನಮ್ಮ ಚಪ್ಪಲಿಗಳ ಪಕ್ಕ ಇಟ್ಟಿದ್ದರು. ಬಳಸಿಕೊಂಡು ಬಾಗಿಲಿಗೆ ಬಂದು, ಹೊಸ್ತಿಲಿದ್ದ ಕಡೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ಒಳಗೆ ಬಂದರು. ಬಯಲಿಗೆ ಕೈ ಮುಗಿದು, ಅಜ್ಜಿಯನ್ನು ಕೇಳಿದರು.

"ಮಂಗಳಾರತಿ ಎಷ್ಟೊತ್ತಿಗಮ್ಮ?"

ಅಜ್ಜಿ ಮತ್ತೆ ಅವರೆಕಾಯಿ ಕೀಳಲು ಕೂತಿದ್ದರು. ತಲೆಯೆತ್ತದೆ ಹೇಳಿದರು.

"ಆಗೋಯ್ತು ಕಣಪ್ಪ. ಒಸಿ ತಡವಾಯ್ತು ನೀನು ಬಂದಿದ್ದು. ಒಂದ್ ಸಾವ್ರ ವರ್ಸ."

ಕಾರು ಹತ್ತಿ ವಾಪಸು ಹೊರಟೆವು. ಬೀಗಿತ್ತಿ ಅಂಗಾಲಿನ ಮುಳ್ಳು ತೆಗೆಯುತ್ತಿದ್ದರು. ಅಜ್ಜಿ ಸೆರಗಿಗೆ ಸುರಿದು ಕಳಿಸಿದ ಅವರೆಕಾಯಿ ಅವರ ಮಡಿಲಲ್ಲಿತ್ತು. ಮದುವೆಯ ಮಾತು ನಾನಾಗಿ ಎತ್ತಬಾರದೆಂದು ಗಟ್ಟಿಯಾಗಿ ಕೂತಿದ್ದೆ. ದೊಡ್ಡಬಳ್ಳಾಪುರದ ಮೊದಲ ಮನೆಗಳು ಕಂಡವು. ಮುಳ್ಳು ಬಂತು. ಬೀಗಿತ್ತಿ ಅದನ್ನು ಕಿಟಕಿಯಿಂದಾಚೆ ಎಸೆದು, "ಆಯ್ತು ಬೀಗ್ರೆ. ಮದುವೆ ನಿಮ್ಮೂರಲ್ಲೇ ಆಗ್ಲಿ" ಅಂದರು.

ನನ್ನ ಬೆನ್ನು ಇನ್ನೊಂದು ಅಂಗುಲ ನೆಟ್ಟಗಾಯಿತು. "ಸಂತೋಷ" ಅಂದೆ. "ಛತ್ರ ನಾನು ನೋಡಿದ್ದೇನೆ."

"ನೋಡಿದ್ದೀರಾ?" ಎಂದು ಅವರು ಮುಂದಕ್ಕೆ ಬಾಗಿದರು. "ನಮ್ಮದೊಂದೇ ಕೋರಿಕೆ ಬೀಗ್ರೆ. ಅದು ಮಾತ್ರ ನೆಲದ ಮೇಲಿರೋದೇ ಆಗಿರ್ಲಿ."