ತುಕ್ಕಾನಟ್ಟಿ ನಾರ್ವೆಗಿಂತ ಎಷ್ಟು ಹಿಂದೆ?

ಕಳೆದ ಬುಧವಾರ ಬೆಳಿಗ್ಗೆ ಹತ್ತಕ್ಕೆ ನಾನು ತುಕ್ಕಾನಟ್ಟಿಯ ಜೀವನಮಟ್ಟ ಅಳೆಯಲು ಗೋಕಾಕದಿಂದ ನನ್ನ ಕಾರಿನಲ್ಲಿ ಹೊರಟೆ. ದೇಶದೇಶಗಳ ಅಂತರ ಅಳೆಯುವವರು ಕೇಳುವಂಥ ಪ್ರಶ್ನೆಗಳನ್ನು ಒಂದು ಹಾಳೆಗೆ ಇಳಿಸಿಕೊಂಡಿದ್ದೆ: ಎಷ್ಟು ವರ್ಷ ಶಾಲೆ, ಯಾವ ಒಲೆ, ಎಂಥ ನೆಲ, ಫ್ರಿಜ್ ಇದೆಯೇ, ಬೈಕ್ ಇದೆಯೇ. ಈ ಊರು ನಾರ್ವೆಗಿಂತ ಎಷ್ಟು ಹಿಂದೆ ಎಂದು ಭಾನುವಾರದ ಪುರವಣಿಗೆ ಬರೆಯುವುದು ಉದ್ದೇಶ. ಇಪ್ಪತ್ತು ವರ್ಷ ಅನುಭವದ ವರದಿಗಾರನಿಗೆ ಅರ್ಧ ದಿನದ ಕೆಲಸ.

ಮೊದಲ ಮನೆ ದಸ್ತಗೀರ ಕಾಕಾನದು. ಟೇಲರ್, ನನ್ನ ತಂದೆಯ ಗೆಳೆಯ. ಕಾಕಿಯ ಹೃದಯದ ಆಪರೇಷನ್ ಶುಕ್ರವಾರಕ್ಕೆ ನಿಗದಿಯಾಗಿತ್ತು. ಅದು ನಡೆಯುವುದು ಬಿಪಿಎಲ್ ಕಾರ್ಡಿನ ಮೇಲೆ, ಪುಕ್ಕಟೆ. ಕಾಕಾ ಎಲ್ಲಕ್ಕೂ ನಿಜ ಹೇಳಿದ. ಫ್ರಿಜ್ ಇದೆ, ಬೈಕ್ ಇದೆ, ನೆಲಕ್ಕೆ ಫರ್ಸಿ ಕಲ್ಲು. ಅವನನ್ನು ಮನೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದೆ.

ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಫ್ರಿಜ್ ಬಗ್ಗೆ ಕೇಳುವವನು ಕಾರ್ಡ್ ರದ್ದು ಮಾಡಲು ಬಂದವನೇ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೆ ಹೊಳೆಯಲಿಲ್ಲ. ಎರಡನೆಯ ಮನೆಯ ಮೂಲೆಯಲ್ಲಿ ಎತ್ತರದ ವಸ್ತುವೊಂದು ಕೌದಿ ಹೊದ್ದು ನಿಂತಿತ್ತು. ಜೋಳದ ಚೀಲ ಎಂದರು. ಚೀಲ ಗುಂಯ್‌ಗುಡುತ್ತಿತ್ತು. ದಾಖಲಿಸಿಕೊಂಡೆ. ಮೂರನೆಯ ಮನೆಯ ಬೈಕು ಕಬ್ಬಿನ ಹೊಲದೊಳಗೆ ಹೋಗುವುದನ್ನು ಕಣ್ಣಾರೆ ಕಂಡೆ. ಐದನೆಯ ಮನೆಯ ಹೊತ್ತಿಗೆ ಊರಲ್ಲಿ ಯಾರೂ ಶಾಲೆಯ ಮುಖ ನೋಡಿರಲಿಲ್ಲ, ನಿವೃತ್ತ ಮಾಸ್ತರರೂ ಸೇರಿ. ನನ್ನ ಹಾಳೆಯ ಪ್ರಕಾರ ತುಕ್ಕಾನಟ್ಟಿಯ ಕೆಳಗೆ ಜಗತ್ತಿನ ಯಾವ ದೇಶವೂ ಉಳಿದಿರಲಿಲ್ಲ!

ಮಧ್ಯಾಹ್ನ ಕಾಕಾ ಓಡಿಬಂದ. ಊರೆಲ್ಲ ಅಡಗಿಸಿದ್ದನ್ನು ತಾನೊಬ್ಬನೇ ಹೇಳಿದ್ದು ಅವನಿಗೆ ಆಗಷ್ಟೇ ತಿಳಿದಿತ್ತು.

"ಆ ಹಾಳಿ ಹರದ ಒಗಿಯಪಾ. ನಿಮ್ಮ ಕಾಕಿದು ಶುಕ್ರವಾರ ದಾಟಲಿ. ಆಮ್ಯಾಲೆ ನಾರ್ವೆದವರಿಗೆ ಏನ್ ಬೇಕಾದ್ರೂ ಹೇಳು."

ಹರಿದೆ. ಆದರೆ ಅಷ್ಟರಲ್ಲಿ ಹಾಳೆಯನ್ನೂ ಫೋಟೊವನ್ನೂ ಸಂಪಾದಕರಿಗೆಂದು ಮೊಬೈಲಿನಲ್ಲಿ ಕಳಿಸಿಯಾಗಿತ್ತು. ಹೋಗಿದ್ದು ತುಕ್ಕಾನಟ್ಟಿ ಸೇರಿದ ಮೂಡಲಗಿ ತಾಲ್ಲೂಕಿನ ಸುದ್ದಿ ಗ್ರೂಪಿಗೆ. ರೇಷನ್ ಕಾರ್ಡ್ ನೋಡಿಕೊಳ್ಳುವ ಸಾಹೇಬರೂ ಅದರಲ್ಲಿದ್ದರು. ನಾನು ಅಳಿಸುವ ಮೊದಲೇ ಅವರು ಹೆಬ್ಬೆಟ್ಟು ಎತ್ತಿದ ಚಿತ್ರ ಹಾಕಿದ್ದರು.

ಗುರುವಾರ ಮೂಡಲಗಿಯಲ್ಲಿ ಸಾಹೇಬರ ಕಚೇರಿಯ ಬೀಗ ತೆಗೆಯುವ ಮೊದಲೇ ನಾನೂ ಕಾಕಾನೂ ಬಾಗಿಲಲ್ಲಿದ್ದೆವು. ಅಂತರರಾಷ್ಟ್ರೀಯ ಹೋಲಿಕೆಯ ಮಹತ್ವವನ್ನು ನಾನು ಸವಿಸ್ತಾರವಾಗಿ ವಿವರಿಸಿದೆ. ಸಾಹೇಬರು ಫ್ರಿಜ್ಜು, ಬೈಕು ತಮಗೆ ಸಂಬಂಧವಿಲ್ಲ ಎಂದರು. ಉಸಿರು ಬಿಟ್ಟೆವು. ಆಮೇಲೆ ಅವರು ಫೋಟೊ ದೊಡ್ಡದು ಮಾಡಿದರು.

"ಬಾಗಲದಾಗ ನಿಂತಿದ್ದ ಕಾರ್ ಯಾರದ್ರಿ?"

ಕಾರಿದ್ದವರಿಗೆ ಬಿಪಿಎಲ್ ಇಲ್ಲ. ಕಾಕಾ ಮೇಜಿನ ಅಂಚು ಹಿಡಿದುಕೊಂಡ.

"ನಂದ್ರಿ," ಎಂದೆ.

"ಹಂಗಾದ್ರ ಬರದ ಕೊಡ್ರಿ. ನಿಮ್ಮ ಕಾರ್ಡ್ ಯಾವದ್ರಿ?"

ಉತ್ತರಿಸಲು ನಾನು ತೆಗೆದುಕೊಂಡಷ್ಟು ಸಮಯವನ್ನು ತುಕ್ಕಾನಟ್ಟಿಯಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ. ಕಾಕಾನ ಮುಖ ನೋಡಿದೆ. ಕಾರು, ಕಾರ್ಡು ಎರಡನ್ನೂ ಬರೆದುಕೊಟ್ಟೆ.

"ನಾರ್ವೆದವರ ಬಂದ ಕೇಳಿದ್ರೂ ಹಿಂಗ ಬರದ ಕೊಡ್ತಿದ್ರೇನ್ರಿ?" ಎಂದು ಸಂಜೆ ಹೆಂಡತಿ ಕೇಳಿದಳು.

ಶುಕ್ರವಾರ ಕಾಕಿಯ ಆಪರೇಷನ್ ಆಯಿತು. ಭಾನುವಾರ ಪುರವಣಿಯಲ್ಲಿ ನನ್ನ ಜಾಗಕ್ಕೆ ಬದನೆಕಾಯಿ ಎಣ್ಣೆಗಾಯಿ ಮಾಡುವ ವಿಧಾನ ಬಂತು. ಸೋಮವಾರ ಹನ್ನೊಂದೂವರೆಗೆ ನಮ್ಮ ಬಿಪಿಎಲ್ ಕಾರ್ಡನ್ನು ಗೋಕಾಕದ ಕಚೇರಿಗೆ ಒಪ್ಪಿಸಿದೆ. ಕಾರು ಚಾಲೂ ಆಗದ್ದರಿಂದ ಬಸ್ಸಿನಲ್ಲಿ ಹೋಗಿದ್ದೆ.