ಹಳೇ ಪೆಟ್ಟಿಗೆಯೊಳಗಿನ ಸೋಬಾನೆ

ಮೋಡ ಕಂಡರೆ ಸಾಕು ಮುಷ್ಕರ ಹೂಡುತ್ತಿದ್ದ ಹಳೇ ಡಿಶ್ ಕಂಪನಿಗೆ ಫೋನು ಮಾಡಿ, ಮದ್ದೂರಿನ ಜಯಪ್ರಕಾಶ್ ಮೇಷ್ಟ್ರು ಬೆಳಿಗ್ಗೆ ಎದ್ದವರೇ ಕನೆಕ್ಷನ್ ಬಿಡಿಸಿಬಿಟ್ಟರು. ಇಂಟರ್‌ನೆಟ್ಟು, ಟೀವಿ ಎರಡನ್ನೂ ಒಂದೇ ವೈರಿನಲ್ಲಿ ಕೊಡುವ ಹೊಸ ಕಂಪನಿಯವನು ತಿಂಡಿ ಹೊತ್ತಿಗೆ ಬಂದು ತನ್ನ ಪೆಟ್ಟಿಗೆ ಕೂರಿಸಿಯೂ ಹೋದ.

"ಹಳೇ ಪೆಟ್ಟಿಗೆ ಮಾತ್ರ ಮುಟ್ಟಬೇಡಪ್ಪ" ಎಂದು ಮೇಷ್ಟ್ರು ಅವನಿಗೆ ಹೇಳಿ ಹೇಳಿ ಸುಸ್ತಾಗಿದ್ದರು. ಅದು ಕಾರ್ಯಕ್ರಮ ರೆಕಾರ್ಡ್ ಮಾಡಿಡುವ ಪೆಟ್ಟಿಗೆ. ಕೊತ್ತತ್ತಿಯಲ್ಲಿರುವ ಅವರ ತಾಯಿ ಚಿಕ್ಕಬೋರಮ್ಮ ಹಿಂದೊಮ್ಮೆ ಟೀವಿಯಲ್ಲಿ ಸೋಬಾನೆ ಹಾಡಿದ್ದು ಅದರೊಳಗಿತ್ತು, ಬೇರೆಲ್ಲೂ ಇರಲಿಲ್ಲ. ಚಿಕ್ಕಬೋರಮ್ಮ ಟೀವಿಯಲ್ಲಿ ಬಂದಿದ್ದು ಶುದ್ಧ ಸುಳ್ಳೆಂದು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ ವಾರಗಿತ್ತಿ ದೇವಿರಮ್ಮನನ್ನು ತಾಯಿ ಅಂದು ಸಾಯಂಕಾಲ ಅದನ್ನು ತೋರಿಸಲು ಕರೆದುಕೊಂಡು ಬರುವವರಿದ್ದರು. ಅವ್ವನ ಮಾನ ಆ ಪೆಟ್ಟಿಗೆಯಲ್ಲಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಮಾದಯ್ಯ ಒಳಬಂದರು.

"ಏನ್ ಮೇಷ್ಟ್ರೇ, ಹೊಸ ಕನೆಕ್ಷನ್ನು, ಕಾಯಿ ಒಡೀದೇನೇ ಆನ್ ಮಾಡ್ಬುಡೋದಾ?"

ಮೇಷ್ಟ್ರ ಹೆಂಡತಿ ವೀಣ ಬೇಡವೆನ್ನುವುದರೊಳಗೆ ಮಾದಯ್ಯ ಕರ್ಪೂರ ಬೆಳಗಿ, ಟೀವಿ ಸ್ಟ್ಯಾಂಡಿನ ಮೂಲೆಗೇ ಕಾಯಿ ಕುಟ್ಟಿದರು. ನೀರೆಲ್ಲ ಹಳೇ ಪೆಟ್ಟಿಗೆಯ ಸಂದಿಯೊಳಗೆ ಇಳಿಯಿತು. ಅದರ ಹಸಿರು ದೀಪ ಪಕ್ಕನೆ ಆರಿತು.

"ಸದ್ಯ, ಹೊಸದರ ಮೇಲೆ ಬೀಳ್ನಿಲ್ಲ ಬುಡಿ!" ಎಂದು ಮಾದಯ್ಯ ಸಮಾಧಾನ ಹೇಳಿದರು.

ಬೀದಿಯೆಲ್ಲ ಸೇರಿತು. ಪೆಟ್ಟಿಗೆ ತಾರಸಿಯ ಬಿಸಿಲಿಗೆ ಹೋಯಿತು, ಹಪ್ಪಳದಂತೆ ಮಗುಚಿ ಮಗುಚಿ ಒಣಗಿಸಿದರು. "ಅಕ್ಕಿ ಮೂಟೇಲಿ ಊತಿಡಿ, ನನ್ ಮಗನ್ ಮೊಬೈಲು ಅಂಗೇ ಬದುಕ್ಕಂತು" ಎಂದರು ಎದುರುಮನೆ ಮಲ್ಲಿಗಮ್ಮ. ಹಾಗೇ ಹೂತರು. ಅಕ್ಕಿ ಕದಲಿಸಬಾರದೆಂದು ಅನ್ನವಿಲ್ಲ, ಮಧ್ಯಾಹ್ನ ಬರೀ ಮುದ್ದೆ.

ಸಂಜೆ ಪೆಟ್ಟಿಗೆ ಹೊರತೆಗೆದು ಸ್ವಿಚ್ ಹಾಕಿದರೆ ಹಸಿರು ದೀಪ! "ರೈಟ್ ರೈಟ್!" ಎಂದು ಮಾದಯ್ಯ ಸಿಳ್ಳೆ ಹೊಡೆದರು. ಆದರೆ ಟೀವಿಯ ಮೇಲೆ ಅಕ್ಷರ ಮೂಡಿತು: 'ನಿಮ್ಮ ಕನೆಕ್ಷನ್ ರದ್ದಾಗಿದೆ. ರೆಕಾರ್ಡಿಂಗ್ ನೋಡಲು ರೀಚಾರ್ಜ್ ಮಾಡಿ.'

ಪೆಟ್ಟಿಗೆ ಇಟ್ಟುಕೊಂಡರೆ ಒಳಗಿದ್ದದ್ದೂ ತನ್ನದೇ ಎಂದುಕೊಂಡಿದ್ದ ಮೇಷ್ಟ್ರು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿ ನೋಡಿದರು. ಅದೇ ಹೊತ್ತಿಗೆ ತಾಯಿಯ ಫೋನು: "ಬಸ್ಸಿಳುದ್ವಿ ಕಣ್ಲಾ. ಟೀವಿ ಆಕಿ ಮಡಗಿರು."

ಹಳೇ ಕಂಪನಿಗೆ ಫೋನು ಮಾಡಿದರೆ ಅಲ್ಲಿನ ಹುಡುಗಿ ಬೆಣ್ಣೆಯಂಥ ದನಿಯಲ್ಲಿ, "ಬಿಡಿಸಿದ ಮೇಲೆ ಮತ್ತೆ ಬೇಕಂದ್ರೆ ಒಂದು ವರ್ಷದ ಪ್ಯಾಕೇ ತಗೋಬೇಕು ಸಾರ್, ಮಧ್ಯೆ ಬಿಡಿಸೋ ಹಾಗಿಲ್ಲ" ಎಂದಳು. ಮೇಷ್ಟ್ರು ಕಣ್ಣು ಮುಚ್ಚಿ ದುಡ್ಡು ಕಳಿಸಿದರು.

ಹೆಂಗಸರಿಬ್ಬರೂ ಒಳಬರುವುದಕ್ಕೂ ಸೋಬಾನೆ ಶುರುವಾಗುವುದಕ್ಕೂ ಸರಿಹೋಯಿತು. ದೇವಿರಮ್ಮ ಟೀವಿ ಹತ್ತಿರ ಹೋಗಿ ದಿಟ್ಟಿಸಿ ನೋಡಿ, "ಊ ಕಣಕ್ಕ, ನೀನೇಯ. ಮೂಗ್ಬಟ್ಟೂ ನಿಂದೇಯ" ಎಂದು ಒಪ್ಪಿಕೊಂಡರು. ಚಿಕ್ಕಬೋರಮ್ಮನ ಮುಖ ಅರಳಿತು. ಮೇಷ್ಟ್ರಿಗೆ ಮಾದಯ್ಯನ ಮೇಲೂ ಪ್ರೀತಿ ಉಕ್ಕಿತು.

"ಇವ್ಳು ಒಪ್ಕಂಡ್ಲಲ್ಲ, ನಂಗಷ್ಟೇ ಬೇಕಾಗಿತ್ತು" ಎಂದರು ತಾಯಿ. "ಇನ್ನ ಅದ್ನ ಅಳಿಸ್ಬುಡು ಮಗ, ಆ ಸೀರೇಲಿ ದಪ್ಪ ಕಾಣ್ತೀನಿ. ಹೊಸದು ಬಂದದಲ್ಲ, ಆ ಹಳೇದ್ನೂ ಬುಡುಸ್ಬುಡು, ಸುಮ್ಕೆ ದಂಡ."

"ಆಗಲ್ಲ ಕಣವ್ವ," ಮೇಷ್ಟ್ರ ದನಿ ನೆಲಕ್ಕಿಳಿದಿತ್ತು. "ಇನ್ನೊಂದು ವರ್ಷ ಅದೂ ಇರುತ್ತೆ."

ಮಾದಯ್ಯ ದಡಕ್ಕನೆ ಎದ್ದರು. "ಅಂಗಾರೆ ತಡೀರಿ ಮೇಷ್ಟ್ರೇ, ಅದ್ಕೂ ಒಂದ್ ಕಾಯಿ ತತ್ತೀನಿ!"