ಕೋಚ್ ಫೈಕ್ಸ್ ಪಕ್ಕದ ಮನೆ ನೋಡಲು ಬಂದದ್ದು

"ಫೈಕ್ಸ್‌ನ ಈ ಊರು ಬಿಡಿಸಿದವನು ನಾನು. ನನ್ನ ಉಸಿರಿರೋ ತನಕ ಅವನು ಇಲ್ಲಿ ಮನೆ ಮಾಡಲಾರ" ಎಂದು ವೆಂಡೆಲ್ ಟಕೆಟ್ ಆರು ವರ್ಷಗಳಿಂದ ಹೇಳಿಕೊಂಡು ಬಂದಿದ್ದ. ಕ್ಷೌರದಂಗಡಿಯಲ್ಲಿ ಹೇಳಿದ್ದ, ಚರ್ಚಿನ ಮೆಟ್ಟಿಲ ಮೇಲೆ ಹೇಳಿದ್ದ. ಒಮ್ಮೆ ಹಲ್ಲು ಕೀಳಿಸಿಕೊಳ್ಳುವಾಗ ಬಾಯಿ ತುಂಬ ಹತ್ತಿ ತುರುಕಿದ್ದರೂ ಹೇಳಿದ್ದ. ಡಾಕ್ಟರಿಗೆ ಒಂದಕ್ಷರವೂ ಬಿಡದೆ ಅರ್ಥವಾಯಿತಂತೆ. ಟೆನ್ನೆಸ್ಸಿಯ ಪೆಟಿಗ್ರೂ ಊರಿನಲ್ಲಿ ಆ ಮಾತನ್ನು ಕೇಳದವರು ಗೋರಿಯಲ್ಲಿ ಮಲಗಿದವರು ಮಾತ್ರ, ಅವರಲ್ಲೂ ಹಳಬರು.

ಡೆಲ್ಮರ್ ಫೈಕ್ಸ್ ಅಲ್ಲಿನ ಕಾಲೇಜಿನ ಫುಟ್‌ಬಾಲ್ (ಅಮೆರಿಕದ್ದು, ಚೆಂಡನ್ನು ಕೈಯಲ್ಲಿ ಅವುಚಿಕೊಂಡು ನುಗ್ಗುವ ಆಟ) ತಂಡಕ್ಕೆ ಹನ್ನೊಂದು ವರ್ಷ ಕೋಚ್ ಆಗಿದ್ದವನು. ತಂಡದ ಹೆಸರು ಹೇಸರಗತ್ತೆಗಳು. ಹೆಸರಿಗೆ ತಕ್ಕಂತೆ ಅದು ಮುಂದಕ್ಕೂ ಹೋಗುತ್ತಿರಲಿಲ್ಲ, ಹಿಂದಕ್ಕೂ ಬರುತ್ತಿರಲಿಲ್ಲ. ಅದನ್ನೆಲ್ಲ ಊರು ಸಹಿಸಿಕೊಂಡಿತ್ತು. ಸಹಿಸದೆ ಹೋದದ್ದು ಒಂದೇ ಒಂದು ಗಜವನ್ನು. ಬದ್ಧವೈರಿ ಕಾಲೇಜಿನ ಮೇಲಿನ ಆಟದಲ್ಲಿ, ಗೆಲುವು ಕೈಗೆಟಕುವಂತಿದ್ದಾಗ, ನಾಲ್ಕು ಸರದಿಗಳಲ್ಲಿ ಕೊನೆಯದರಲ್ಲಿ ಒಂದು ಗಜ ನುಗ್ಗಿದರೆ ಚೆಂಡು ತಮ್ಮಲ್ಲೇ ಉಳಿಯುತ್ತಿತ್ತು, ಅಷ್ಟು ಸಾಕಿತ್ತು. ಗಜವೆಂದರೆ ಎರಡು ಮೊಳ, ಹೂವಾಡಗಿತ್ತಿ ಧಾರಾಳಿಯಾದರೆ ಕೊಸರು ಹಾಕುವಷ್ಟು. ಫೈಕ್ಸ್ ನುಗ್ಗಿಸಲಿಲ್ಲ. ಚೆಂಡನ್ನು ದೂರ ಒದೆಸಿ ಎದುರಾಳಿಗೇ ಒಪ್ಪಿಸಿದ. ವೈರಿಗಳು ಅದನ್ನು ಅವುಚಿಕೊಂಡು ಮೈದಾನದುದ್ದ ಓಡಿ ಗೆದ್ದರು. (ಆ ಸಂಜೆ ಊರಿನ ಹಾಲೆಲ್ಲ ಒಡೆದುಹೋಯಿತೆಂದು ವೆಂಡೆಲ್ ಹೇಳುತ್ತಾನೆ. ಕರೆದ ಹಾಲಲ್ಲ, ಕೆಚ್ಚಲಿನಲ್ಲಿದ್ದದ್ದು.)

ಮರುದಿನ ಭಾನುವಾರ, ಊರೆಲ್ಲ ಪ್ರಾರ್ಥನೆಗೆ ಹೋಗಿದ್ದಾಗ, ವೆಂಡೆಲ್ ಫೈಕ್ಸ್‌ನ ಅಂಗಳದ ಹುಲ್ಲಿನಲ್ಲಿ 'ಮನೆ ಮಾರಾಟಕ್ಕಿದೆ' ಎಂಬ ಫಲಕ ನೆಟ್ಟು ಬಂದ. ಸೋತ ಕೋಚ್‌ಗೆ ಗಂಟುಮೂಟೆ ಕಟ್ಟೆಂದು ತಿಳಿಸಲು ಆ ಸೀಮೆಯಲ್ಲಿ ಅದೇ ಶಿಷ್ಟಾಚಾರ. ಹದಿನೈದು ದಿನದಲ್ಲಿ ಫೈಕ್ಸ್‌ನ ಕೆಲಸ ಹೋಯಿತು. ವೆಂಡೆಲ್‌ನ ಎದೆ ಎಷ್ಟು ಉಬ್ಬಿತೆಂದರೆ ಹಳೆಯ ಅಂಗಿಗಳನ್ನೆಲ್ಲ ದಾನ ಮಾಡಬೇಕಾಯಿತು. ಆದರೆ ತರಾತುರಿಯಲ್ಲಿ ಅವನು ಗ್ಯಾರೇಜಿನಿಂದ ಎತ್ತಿಕೊಂಡು ಹೋದದ್ದು ಹೆಂಡತಿಯ ಫಲಕ. ಅರ್ಲೀನ್ ಮನೆ ಮಾರಿಸಿಕೊಡುವ ಕಸುಬಿನವಳು. ಅವಳ ನಗುಮುಖ, ಫೋನ್ ನಂಬರು ಎರಡೂ ಅದರ ಮೇಲಿದ್ದವು. ಫೈಕ್ಸ್ ಆ ನಂಬರಿಗೇ ಫೋನ್ ಮಾಡಿದ. ಅರ್ಲೀನ್ ಮೂರೇ ವಾರದಲ್ಲಿ ಅವನ ಮನೆ ಮಾರಿಸಿದಳು, ಗಂಡನಿಗೆ ಹೇಳಲಿಲ್ಲ. ರೋಗಿಯ ವಿಷಯ ವೈದ್ಯ ಹೊರಗೆ ಆಡುತ್ತಾನೆಯೇ?

ಈಗ ಈ ಅಕ್ಟೋಬರಿನ ಶನಿವಾರಕ್ಕೆ ಬರೋಣ. ಹೇಸರಗತ್ತೆಗಳು ಪರವೂರಿನಲ್ಲಿ ಅದೇ ವೈರಿಗಳೊಡನೆ ಆಡುವ ದಿನ. ವೆಂಡೆಲ್ ಹಿತ್ತಲಿಗೆ ಟಿವಿ ತಂದಿಟ್ಟು, ಹಂದಿಯ ಪಕ್ಕೆಲುಬನ್ನು ಬೆಳಗಿನಿಂದ ಹೊಗೆಗೆ ಹಾಕಿ, ಗೆಳೆಯ ಹೊಯ್ಟ್‌ನೊಡನೆ ಕೂತಿದ್ದ. ಅರ್ಲೀನ್ ಕೆಲಸದ ಕೋಟು ತೊಟ್ಟು ಹೊರಬಂದಳು. ಪಕ್ಕದ ಮನೆ ಹದಿನಾಲ್ಕು ತಿಂಗಳಿಂದ ಖಾಲಿ ಬಿದ್ದಿತ್ತು. ನೋಡಲು ಬಂದವರೆಲ್ಲ ಬೇಲಿಯಾಚೆಯಿಂದ ವೆಂಡೆಲ್‌ನ ಅಬ್ಬರ ಕೇಳಿ ಕಾರಿನ ಬಾಗಿಲು ಹಾಕಿಕೊಳ್ಳುವುದನ್ನೂ ಮರೆತು ಓಡಿದ್ದರು.

"ನೋಡು ವೆಂಡೆಲ್, ಇವತ್ತು ಬರೋರು ತಗೊಳ್ಳೋದು ಹೆಚ್ಚುಕಡಿಮೆ ಖಾತ್ರಿ. ಬೇಲಿ ಹತ್ರ ಬಂದ್ರೆ ನಗು. ಬೇರೇನೂ ಮಾಡಬೇಡ. ಇದೂ ಕೈತಪ್ಪಿದ್ರೆ ನಾನು ನಮ್ಮಕ್ಕನ ಮನೇಲಿ, ನೀನು ಆ ಹೊಗೆಗೂಡಲ್ಲಿ."

"ಯಾರಂತೆ?"

"ಸಾಧು ಜನ. ರಿಟೈರಾದ ಮೇಷ್ಟ್ರು ಅಂದ್ಕೋ ಮಹಾರಾಯ."

ಅರ್ಧ ಗಂಟೆಯಲ್ಲಿ ಬೇಲಿಯ ಮೇಲೆ ಒಂದು ತಲೆ ಎದ್ದಿತು. ಕೂದಲು ಬೆಳ್ಳಗಾಗಿತ್ತು, ಗಲ್ಲ ಮಾತ್ರ ಅದೇ, ಆರು ವರ್ಷ ವೆಂಡೆಲ್ ಕನಸಿನಲ್ಲಿ ಗುದ್ದಿದ ಗಲ್ಲ. ಹಿಂದೆ ನಿಂತಿದ್ದ ಅರ್ಲೀನ್ ಗಂಡನನ್ನು ನೋಡಿದ ನೋಟದಲ್ಲಿ ಹತ್ತು ವರ್ಷದ ಪಾತ್ರೆ ತಿಕ್ಕುವ ಶಿಕ್ಷೆ ಸ್ಪಷ್ಟವಾಗಿ ಬರೆದಿತ್ತು. ವೆಂಡೆಲ್ ನಕ್ಕ. ಹೊಯ್ಟ್ ಆಮೇಲೆ ಆಣೆಯಿಟ್ಟು ಹೇಳಿದ ಪ್ರಕಾರ, ಆ ಹೊತ್ತು ವೆಂಡೆಲ್‌ನ ಕಿವಿಗಳಿಂದ ಬಂದ ಹೊಗೆ ಗೂಡಿನದಕ್ಕಿಂತ ದಪ್ಪಗಿತ್ತು.

"ಬನ್ನಿ" ಎಂದ, ಹಲ್ಲುಗಳ ಸಂದಿಯಿಂದ.

"ಓಹೋ, ಮೈದಾನದ ಪಡುವಣ ಗ್ಯಾಲರಿ, ಇಪ್ಪತ್ತೆರಡನೇ ಸಾಲು" ಎಂದ ಫೈಕ್ಸ್. "ಬೈತಿದ್ದ ದನಿ ಗುರುತು ಸಿಕ್ತು."

ಅವನ ಹೆಂಡತಿಯ ತವರು ಇದೇ ಊರು, ವಾಪಸಾಗುವ ಹಂಬಲ ಅವಳದು. ಅವಳು ಒಳಗೆ ಅಡುಗೆಮನೆಯ ಕಪಾಟು ಅಳೆಯುತ್ತಿದ್ದಳು. ಫೈಕ್ಸ್ ಬೇಲಿಗೆ ಮೊಣಕೈಯೂರಿ ಟಿವಿಯ ಕಡೆ ಕಣ್ಣು ಹಾಯಿಸಿ, ತನಗೆ ತಾನೇ ಹೇಳಿಕೊಳ್ಳುವಂತೆ, ಎಡಕ್ಕೆ ನುಗ್ಗುತ್ತಾರೆ ಎಂದ. ವೈರಿಗಳು ಎಡಕ್ಕೆ ನುಗ್ಗಿದರು. ಈಗ ಎಸೆಯುತ್ತಾರೆ ಎಂದ. ಎಸೆದರು. ಹೊಯ್ಟ್ ಬಾಯಿಗೆ ಒಯ್ದಿದ್ದ ಎಲುಬು ಅಲ್ಲೇ ನಿಂತಿತು.

ವೆಂಡೆಲ್ ಮೊದಲು ಕುರ್ಚಿಯನ್ನು ಅರ್ಧ ಅಡಿ ಬೇಲಿಯ ಕಡೆ ಸರಿಸಿದ. ಆಮೇಲೆ ಒಂದಡಿ. ಆಟದ ನಾಲ್ಕು ಭಾಗಗಳಲ್ಲಿ ಎರಡನೆಯದು ಮುಗಿಯುವ ಹೊತ್ತಿಗೆ ಪಕ್ಕೆಲುಬಿನ ತಟ್ಟೆ ಬೇಲಿ ದಾಟಿತ್ತು. ಮೂರನೆಯದರಲ್ಲಿ 'ಅವನು' ಬಡ್ತಿ ಪಡೆದು 'ಕೋಚ್ ಸಾಹೇಬರು' ಆಗಿದ್ದ. ನಾಲ್ಕನೆಯದರಲ್ಲಿ ವೆಂಡೆಲ್ ಕುದುರೆ ಏರಿದಂತೆ ಬೇಲಿಯ ಮೇಲೇ ಕೂತಿದ್ದ, ಮುಂದೇನು ಮುಂದೇನು ಎಂದು ಫೈಕ್ಸ್‌ನ ತೋಳು ಜಗ್ಗುತ್ತ, ಬರಲಿರುವುದನ್ನು ಟಿವಿಯೊಳಗಿನ ಆಟಗಾರರಿಗೆ ಮೂರು ಜಿಲ್ಲೆಗೆ ಕೇಳುವಂತೆ ಕೂಗಿ ತಿಳಿಸುತ್ತ.

ಆಟಕ್ಕೆ ಒಂದು ನಿಮಿಷ ಉಳಿದಿತ್ತು. ಹೇಸರಗತ್ತೆಗಳು ಎರಡು ಅಂಕ ಮುಂದೆ. ಕೊನೆಯ ಸರದಿ, ಒಂದು ಗಜ ಬಾಕಿ.

"ಒದೀಬೇಕು" ಎಂದ ಫೈಕ್ಸ್ ಮೆಲ್ಲಗೆ.

ಟಿವಿಯಲ್ಲಿ ಹೊಸ ಕೋಚ್ ಒಂದು ಗಳಿಗೆ ತಡವರಿಸಿ ಒದೆಯಲು ಸನ್ನೆ ಮಾಡಿದ. ಚೆಂಡು ಮೋಡಕ್ಕೆ ತಾಗಿ ಬಂದು ಬಿತ್ತು. ಹಿಡಿಯಹೋದ ವೈರಿಯ ಕೈಯಿಂದ ಜಾರಿತು. ಅದರ ಮೇಲೆ ಏಳು ಹೇಸರಗತ್ತೆಗಳು ಒಟ್ಟಿಗೆ ಬಿದ್ದು ಅದನ್ನು ತಮ್ಮದಾಗಿಸಿಕೊಂಡರು. ಗೆದ್ದರು.

"ಆರು ವರ್ಷದಿಂದ ನಾನು ಬಡಕೊಳ್ತಿರೋದೂ ಅದೇ" ಎಂದು ವೆಂಡೆಲ್ ಹೊಯ್ಟ್‌ಗೆ ಹೇಳಿದ. "ಅಂಥ ಕಡೆ ಒದೀಬೇಕು."

ಆಮೇಲೆ ಬೇಲಿಯಿಂದ ಆಚೆ ಬದಿಗೇ ಧುಮುಕಿ ಫೈಕ್ಸ್‌ನನ್ನು ಅಪ್ಪಿಕೊಂಡು, ಬಿಡದೆ, ಮುಂದಿನ ಬಾಳಿನ ಯೋಜನೆ ಬಿಚ್ಚಿದ. ನಾಳೆಯೇ ಬೇಲಿ ಒಡೆದು ಬಾಗಿಲಿಡಿಸುವುದು. ಭಾನುವಾರ ಇದೇ ಆಟವನ್ನು ಮತ್ತೆ ನೋಡುವುದು, ಸೋಮವಾರ ನಿಧಾನವಾಗಿ ನೋಡುವುದು. ಹನ್ನೊಂದು ವರ್ಷದ ಹಳೆಯ ಆಟಗಳ ಬಗ್ಗೆ ತನಗೆ ನಾನೂರು ಸಂದೇಹಗಳಿದ್ದು, ದಿನಕ್ಕೆ ನಾಲ್ಕರಂತೆ ಉಪಾಹಾರದ ಹೊತ್ತಿಗೆ ಪರಿಹರಿಸಿಕೊಳ್ಳುವುದು. ಅರ್ಲೀನ್ ಕಾಗದಪತ್ರ ಹಿಡಿದು ಬಂದಳು. ವೆಂಡೆಲ್ ತಾನೇ ಪೆನ್ನಿನ ಮುಚ್ಚಳ ತೆಗೆದು ಕೋಚ್ ಸಾಹೇಬರ ಕೈಗಿಟ್ಟ, ಬಗ್ಗಿ ಬೆನ್ನನ್ನೇ ಮೇಜಾಗಿ ಒಡ್ಡಿದ.

ಫೈಕ್ಸ್ ಮುಚ್ಚಳ ಮತ್ತೆ ಹಾಕಿದ.

"ಮನೆ ಚೆನ್ನಾಗಿದೆ ಕಣಮ್ಮ" ಎಂದ ಅರ್ಲೀನ್‌ಗೆ. ಆಮೇಲೆ ಬಗ್ಗಿದ್ದ ಬೆನ್ನಿಗೆ ಹೇಳಿದ: "ಬೈಯೋ ಟಕೆಟ್ ಪಕ್ಕ ಬದುಕೋಕೆ ತಯಾರಾಗೇ ಬಂದಿದ್ದೆ. ಅದು ಶನಿವಾರ ಒಂದಿನದ ಮಾತು. ಈಗ ನೀವು ಪ್ರೀತ್ಸೋಕೆ ಶುರು ಮಾಡಿದೀರಿ. ಏಳೂ ದಿನ ಯಾರ ಕೈಲಾಗತ್ತೆ?"